ಊಟ ಲೌಂಜಿನಲ್ಲಿ, ನಿದ್ದೆ ವಿಮಾನದಲ್ಲಿ

ಬೆಳಗಿನ ಜಾವ 3 ಗಂಟೆಯ ವಿಮಾನಕ್ಕೆ ತುಮಕೂರಿನಿಂದ ಹೊರಡುವವರು ರಾತ್ರಿ ಊಟ ಎಲ್ಲಿ ಮಾಡಬೇಕು? ನಮ್ಮ ಕಡೆ ಎಲ್ಲರ ಮನೆಯಲ್ಲೂ ಉತ್ತರ ಒಂದೇ: ಮನೆಯಲ್ಲೇ, ಹೊಟ್ಟೆ ತುಂಬ, ಹೊರಡುವ ಮುಂಚೆ. ಎಕಾನಮಿ ಟಿಕೆಟ್ಟಿಗೆ ಈ ಲೆಕ್ಕ ಸರಿ. ಬಿಸಿನೆಸ್ ಕ್ಲಾಸ್ ಟಿಕೆಟ್ಟಿಗೆ ಸರಿಯಲ್ಲ. 8 ಗಂಟೆಗೆ ಉಂಡದ್ದು 3 ಗಂಟೆಯ ಹೊತ್ತಿಗೆ ಕರಗಿ ಮತ್ತೆ ಹಸಿವಾಗಿರುತ್ತದೆ. ವಿಮಾನ ಮೇಲೇರಿ, ಬೆಲ್ಟಿನ ದೀಪ ಆರಿ, ಟೇಬಲ್ಲಿಗೆ ಬಟ್ಟೆ ಹಾಸಿ, ಒಂದೊಂದೇ ತಟ್ಟೆ ಬಂದು ಮುಗಿಯುವಷ್ಟರಲ್ಲಿ ಒಂದೂವರೆ ಗಂಟೆ ಹೋಗುತ್ತದೆ. ಬೆಂಗಳೂರಿನಿಂದ ದುಬೈ ಸುಮಾರು 4 ಗಂಟೆಯ ಹಾದಿ, ದೋಹಾ ನಾಲ್ಕೂವರೆ. ಊಟಕ್ಕೆ ಒಂದೂವರೆ ಗಂಟೆ, ಇಳಿಯುವ ಮುಂಚೆ ಸೀಟು ನೆಟ್ಟಗೆ ಮಾಡಿ ಕೂರುವುದಕ್ಕೆ ಅರ್ಧ ಗಂಟೆ ಕಳೆಯಿರಿ. ಅಷ್ಟು ದುಡ್ಡು ಕೊಟ್ಟು ಪಡೆದ ಹಾಸಿಗೆಯಲ್ಲಿ ನಿಮ್ಮ ಪಾಲಿಗೆ ಉಳಿಯುವುದು ಎರಡೇ ಗಂಟೆ. ಊಟವನ್ನು ಲೌಂಜಿನಲ್ಲೇ, ಅಂದರೆ ನಿಲ್ದಾಣದೊಳಗೆ ಬಿಸಿನೆಸ್ ಕ್ಲಾಸಿನವರು ಉಂಡು ಕೂರುವ ಕೋಣೆಯಲ್ಲೇ ಮುಗಿಸಿ, ಹತ್ತಿದ ಕೂಡಲೇ ಮಲಗಿದರೆ ಮೂರು ಗಂಟೆ ಸಿಗುತ್ತದೆ. ಫ್ರಾಂಕ್‌ಫರ್ಟ್, ಲಂಡನ್ನಿನ ಹತ್ತು ಗಂಟೆಯ ಹಾರಾಟವಾದರೆ ಪೂರ್ತಿ ಒಂದು ರಾತ್ರಿಯ ನಿದ್ದೆಯೇ ಸಿಗುತ್ತದೆ. ಲೌಂಜಿನ ತಿಂಡಿ, ಕಾಫಿ, ಸ್ನಾನ, ಕುರ್ಚಿ ಎಲ್ಲವನ್ನೂ ಈ ಲೆಕ್ಕದ ಮೇಲೇ ತೂಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಹೊರಡುವ ಹೊತ್ತು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಈ ಮೂರೂ ಜಿಲ್ಲೆಯವರಿಗೆ ವಿಮಾನ ಅಂದರೆ ದೇವನಹಳ್ಳಿಯ ಬೆಂಗಳೂರು ನಿಲ್ದಾಣ. ಚಿಕ್ಕಬಳ್ಳಾಪುರದವರಿಗೆ ಹೈವೇ ಮೇಲೆ ಮುಕ್ಕಾಲು ಗಂಟೆಯ ಒಳಗಿನ ದಾರಿ. ಕೋಲಾರದಿಂದ ವೇಮಗಲ್, ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಮೇಲೆ ಬಂದರೂ ಹೊಸಕೋಟೆ, ಬೂದಿಗೆರೆ ಮೇಲೆ ಬಂದರೂ ಒಂದೂವರೆ ಗಂಟೆಯಿಂದ ಎರಡು ಗಂಟೆ ಇಟ್ಟುಕೊಳ್ಳಿ. ತುಮಕೂರಿನವರು ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಬಂದರೆ ಬೆಂಗಳೂರಿನ ಟ್ರಾಫಿಕ್ ಪೂರಾ ತಪ್ಪುತ್ತದೆ, ಎರಡು ಗಂಟೆ ಸಾಕು.

ದೂರದಿಂದ ಬರುವವರು ಭಯಕ್ಕೆ ಐದಾರು ಗಂಟೆ ಮುಂಚೆಯೇ ಬಂದುಬಿಡುತ್ತಾರೆ. ಬೇಗ ಬಂದರೆ ಲೌಂಜಿನಲ್ಲಿ ಆರಾಮಾಗಿ ಕೂರಬಹುದು ಅನ್ನುವ ಎಣಿಕೆ ಅದರ ಹಿಂದಿರುತ್ತದೆ. ಅದು ಆಗುವುದಿಲ್ಲ. ಅಂತರರಾಷ್ಟ್ರೀಯ ವಿಮಾನಗಳ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ತೆರೆಯುವುದೇ ಮೂರು ಗಂಟೆ ಮುಂಚೆ, ಕೆಲವರದು ನಾಲ್ಕು ಗಂಟೆ. ಸೂಟ್‌ಕೇಸ್ ಕೊಡದೆ, ಬೋರ್ಡಿಂಗ್ ಪಾಸ್ ಇಲ್ಲದೆ ಇಮಿಗ್ರೇಷನ್ ದಾಟುವಂತಿಲ್ಲ. ಲೌಂಜ್ ಇರುವುದು ಇಮಿಗ್ರೇಷನ್, ಸೆಕ್ಯೂರಿಟಿ ಎರಡನ್ನೂ ದಾಟಿದ ಮೇಲೆ. ದಾಟಿದವರನ್ನೂ ಎರಡು-ಮೂರು ಗಂಟೆಗಿಂತ ಮುಂಚೆ ಒಳಗೆ ಬಿಡದ ಲೌಂಜುಗಳು ಬಹಳ. ಹಾಗಾಗಿ ಬೇಗ ಬಂದವರು ಕೂರುವುದು ಹೊರಗಿನ ಉಕ್ಕಿನ ಕುರ್ಚಿಯಲ್ಲಿ.

3 ಗಂಟೆಯ ವಿಮಾನಕ್ಕೆ ನನ್ನ ಪಟ್ಟಿ ಹೀಗಿದೆ: 11.30ಕ್ಕೆ ಟರ್ಮಿನಲ್ ಬಾಗಿಲು, 12ಕ್ಕೆ ಕೌಂಟರ್ ತೆರೆದ ಕೂಡಲೇ ಬ್ಯಾಗು ಕೈಬಿಡಬೇಕು, ಹನ್ನೆರಡೂವರೆ-ಮುಕ್ಕಾಲಿಗೆ ಲೌಂಜು, 1.20ರ ಒಳಗೆ ಊಟ ಮುಗಿದಿರಬೇಕು, 2ಕ್ಕೆ ಎದ್ದು ಗೇಟಿನ ಕಡೆ. ಇದಕ್ಕೆ ತುಮಕೂರಿನಿಂದ 9.30ಕ್ಕೆ, ಕೋಲಾರದಿಂದ ಒಂಬತ್ತೂಮುಕ್ಕಾಲಿಗೆ ಹೊರಟರೆ ಸರಿ. ಮನೆಯಲ್ಲಿ ಸಂಜೆ 7ರ ಹೊತ್ತಿಗೆ ಎರಡು ಇಡ್ಲಿಯೋ ಒಂದು ಬಟ್ಟಲು ಮೊಸರವಲಕ್ಕಿಯೋ ತಿಂದಿದ್ದರೆ ನಡುವೆ ಹಸಿವು ಕಾಡುವುದಿಲ್ಲ.

ಹೊರಡುವ ಮುಂಚೆ ಟಿಕೆಟ್ಟಿನ ಮೇಲಿನ ದರದ ಹೆಸರನ್ನು ಓದಿಕೊಳ್ಳಿ. ಬಿಸಿನೆಸ್ ಕ್ಲಾಸ್ ಅಂದಮಾತ್ರಕ್ಕೆ ಲೌಂಜ್ ಸೇರಿರುತ್ತದೆ ಅಂತಲ್ಲ. ಕತಾರ್ ಏರ್‌ವೇಸಿನ 'ಬಿಸಿನೆಸ್ ಲೈಟ್', ಎಮಿರೇಟ್ಸಿನ ಬಿಸಿನೆಸ್ 'ಸ್ಪೆಷಲ್' ತರಹದ ಅಗ್ಗದ ದರಗಳಲ್ಲಿ ಸೀಟು ಅದೇ, ಲೌಂಜ್ ಇಲ್ಲ. ಬಾಗಿಲಿಗೆ ಹೋದ ಮೇಲೆ ಗೊತ್ತಾದರೆ ಮೇಲಿನ ಲೆಕ್ಕವೆಲ್ಲ ಕೆಡುತ್ತದೆ. ಒಂದೇ ಕೂಟದ, ಅಂದರೆ ಒಪ್ಪಂದ ಮಾಡಿಕೊಂಡು ಒಬ್ಬರ ಲೌಂಜನ್ನು ಇನ್ನೊಬ್ಬರ ಪ್ರಯಾಣಿಕರಿಗೂ ತೆರೆಯುವ ಏರ್‌ಲೈನುಗಳ ವಿಮಾನಗಳಲ್ಲಿ ಮುಂದುವರಿಯುವವರಿಗೆ ಮಾತ್ರ ಅನುಕೂಲ ಹೆಚ್ಚು. ಏರ್ ಇಂಡಿಯಾ 2014ರಿಂದ ಸ್ಟಾರ್ ಅಲಯನ್ಸಿನಲ್ಲಿದೆ, ಲುಫ್ತಾನ್ಸಾ, ಸಿಂಗಪುರ, ಥಾಯ್ ಕೂಡ ಅಲ್ಲೇ. ಬ್ರಿಟಿಷ್ ಏರ್‌ವೇಸ್, ಕತಾರ್, ಕ್ಯಾಥೆ ಪೆಸಿಫಿಕ್, ಜಪಾನ್ ಏರ್‌ಲೈನ್ಸ್ ಒನ್‌ವರ್ಲ್ಡಿನವು. ಎಮಿರೇಟ್ಸ್, ಎತಿಹಾದ್ ಯಾವ ಕೂಟದಲ್ಲೂ ಇಲ್ಲ.

ದೇವನಹಳ್ಳಿಯಲ್ಲಿ ಬಹುತೇಕ ವಿದೇಶಿ ಏರ್‌ಲೈನುಗಳಿಗೆ ಸ್ವಂತ ಲೌಂಜ್ ಇಲ್ಲ. 2023ರ ಸೆಪ್ಟೆಂಬರ್ 12ರಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಎರಡನೇ ಟರ್ಮಿನಲ್ಲಿಗೆ ಬಂದವು. ಅಲ್ಲಿ ಹಲವು ಏರ್‌ಲೈನುಗಳ ಪ್ರಯಾಣಿಕರು ಸೇರುವುದು ಬೆಂಗಳೂರಿನ ಎಸ್‌ಟಿಡಿ ಕೋಡಿನ ಹೆಸರಿಟ್ಟುಕೊಂಡ 080 ಲೌಂಜಿನಲ್ಲಿ. ಕ್ರೆಡಿಟ್ ಕಾರ್ಡ್ ಉಜ್ಜಿ ಬರುವವರೂ ಇಂಥ ಹಂಚಿಕೆಯ ಲೌಂಜಿಗೇ ಬರುವುದರಿಂದ ಮಧ್ಯರಾತ್ರಿಯ ಹೊತ್ತಿಗೆ ಕುರ್ಚಿ ಸಿಗುವುದು ಕಷ್ಟವಾಗಬಹುದು. ಮೊದಲು ಕುರ್ಚಿ ಹಿಡಿದು, ಜೊತೆಯವರನ್ನು ಕೂರಿಸಿ, ಆಮೇಲೆ ತಟ್ಟೆ ಹಿಡಿಯಿರಿ.

ಚೇಫಿಂಗ್ ಡಿಶ್ಶನ್ನು ಓದುವುದು

ಲೌಂಜಿನ ಊಟದ ಒಳ್ಳೆಯದು ಕೆಟ್ಟದ್ದು ಅಡುಗೆಯವರ ಕೈಯಲ್ಲಿರುವುದಕ್ಕಿಂತ ಹೆಚ್ಚಾಗಿ ಅದು ಎಷ್ಟು ಹೊತ್ತು ಕಾದು ಕೂತಿದೆ ಅನ್ನುವುದರಲ್ಲಿದೆ. ಮದುವೆ ಮನೆಯ ಬಫೆಯಲ್ಲಿ ಒಂದು ಗಂಟೆಯಲ್ಲಿ ಪಾತ್ರೆ ಖಾಲಿ. ಲೌಂಜ್ ಇಪ್ಪತ್ನಾಲ್ಕು ಗಂಟೆಯೂ ತೆರೆದಿರಬೇಕು. ಜನ ಒಮ್ಮೆಲೇ ನುಗ್ಗುತ್ತಾರೆ, ಆಮೇಲೆ ಒಂದು ಗಂಟೆ ಯಾರೂ ಬರುವುದಿಲ್ಲ. ಆ ಖಾಲಿ ಹೊತ್ತಿನಲ್ಲಿ ಪದಾರ್ಥ ಚೇಫಿಂಗ್ ಡಿಶ್ಶಿನಲ್ಲಿ ಕೂತೇ ಇರುತ್ತದೆ. ಕೆಳಗಿನ ತಟ್ಟೆಯಲ್ಲಿ ಬಿಸಿನೀರು, ಅದರ ಕೆಳಗೆ ಉರಿಯುವ ಡಬ್ಬಿ ಅಥವಾ ವಿದ್ಯುತ್ ಕಾಯಿಲ್, ಮೇಲಿನ ಪಾತ್ರೆಯಲ್ಲಿ ಅಡುಗೆ. ಇದು ಬಿಸಿಯನ್ನು ಹಿಡಿದಿಡುವ ಪಾತ್ರೆ, ಆರಿದ್ದನ್ನು ಮತ್ತೆ ಕಾಯಿಸುವ ಒಲೆಯಲ್ಲ. 60 ಡಿಗ್ರಿ ಸೆಲ್ಸಿಯಸ್ಸಿಗಿಂತ ಮೇಲಿದ್ದರೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, 5ಕ್ಕಿಂತ ಕೆಳಗಿದ್ದರೂ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ನಡುವಿನ ಉಗುರುಬೆಚ್ಚಗೆ ಅನ್ನುವ ಹದವೇ ಅಪಾಯದ್ದು.

ಥರ್ಮಾಮೀಟರ್ ಇಲ್ಲದೆ ನೋಡುವ ಬಗೆ ಇದೆ. ಮುಚ್ಚಳ ತೆಗೆದಾಗ ಹಬೆ ಮುಖಕ್ಕೆ ಬರಬೇಕು. ಬರದಿದ್ದರೆ ಕೆಳಗಿನ ಉರಿ ಆರಿದೆ ಅಂತ ಅರ್ಥ. ಪಾತ್ರೆಯ ಒಳಗೋಡೆಯಲ್ಲಿ, ಈಗಿನ ಮಟ್ಟಕ್ಕಿಂತ ಎರಡು ಬೆರಳು ಮೇಲೆ, ಒಣಗಿ ಕಂದುಬಣ್ಣಕ್ಕೆ ತಿರುಗಿದ ಒಂದು ಗೆರೆ ಕಾಣುತ್ತದೆಯೇ ನೋಡಿ. ಅದು ಪಾತ್ರೆ ತುಂಬಿ ತಂದಾಗಿನ ಮಟ್ಟ. ಗೆರೆ ಹಸಿಯಾಗಿದ್ದರೆ ಈಗಷ್ಟೇ ತಂದದ್ದು, ಗಟ್ಟಿ ಹಕ್ಕಳೆಯಾಗಿದ್ದರೆ ಬಹಳ ಹೊತ್ತಾಗಿದೆ. ಸಾಂಬಾರಿನ ಮೇಲೆ ಕೆನೆಗಟ್ಟಿದ್ದರೂ ಅದೇ ಕಥೆ. ಹಾಗಿದ್ದಾಗ 'ಹೊಸ ಟ್ರೇ ಯಾವಾಗ ಬರುತ್ತೆ?' ಎಂದು ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ. ಅಲ್ಲಿ ನಿಂತಿರುವ ಹುಡುಗರಿಗೆ ಅದು ನಿಖರವಾಗಿ ಗೊತ್ತಿರುತ್ತದೆ, ಬಹಳ ಸಲ ಹತ್ತು ನಿಮಿಷದಲ್ಲಿ ತಂದೂ ಕೊಡುತ್ತಾರೆ.

ಇನ್ನು ಯಾವುದು ಕಾಯುತ್ತದೆ, ಯಾವುದು ಕಾಯುವುದಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದವರಿಗೆ ಲೌಂಜಿನ ಇಡ್ಲಿ ಯಾಕೆ ಹಿಡಿಸುವುದಿಲ್ಲ ಅನ್ನುವುದಕ್ಕೆ ಕಾರಣ ಹಿಟ್ಟಲ್ಲ. ಇಡ್ಲಿ ಹಬೆಯಿಂದ ಇಳಿದ ಹತ್ತು ನಿಮಿಷದೊಳಗೆ ತಿನ್ನಬೇಕಾದ ಪದಾರ್ಥ. ಪಾತ್ರೆಯಲ್ಲಿ ಕೂತರೆ ಅಂಚು ಒಣಗಿ ತೊಗಲಾಗುತ್ತದೆ, ಮುಚ್ಚಳದಿಂದ ತೊಟ್ಟಿಕ್ಕುವ ನೀರು ಬಿದ್ದು ಮೇಲ್ಭಾಗ ಪಿಚಪಿಚ ಆಗುತ್ತದೆ. ತೆಗೆಯುವುದೇ ಆದರೆ ಮೇಲಿನ ಸಾಲನ್ನು ಪಕ್ಕಕ್ಕೆ ಸರಿಸಿ, ಕೆಳಗಿನ ಸಾಲಿನ ನಡುವಿನದು ತೆಗೆಯಿರಿ. ವಡೆಯನ್ನಂತೂ ಮುಚ್ಚಿದ ಪಾತ್ರೆಯಿಂದ ತೆಗೆಯಲೇಬೇಡಿ. ಒಳಗಿನ ನೀರಾವಿ ಹೊರಗಿನ ಗರಿಗರಿಯನ್ನು ಹದಿನೈದು ನಿಮಿಷದಲ್ಲಿ ತಿಂದುಹಾಕುತ್ತದೆ, ಉಳಿಯುವುದು ಎಣ್ಣೆ ಕುಡಿದ ಹಿಟ್ಟು. ಉಪ್ಪಿಟ್ಟು ಆರಿದಂತೆ ರವೆಯ ಪಿಷ್ಟ ಗಟ್ಟಿಯಾಗಿ ಗಡ್ಡೆ ಕಟ್ಟುತ್ತದೆ. ಪೊಂಗಲ್ ಮಾತ್ರ ತುಪ್ಪದ ದಯೆಯಿಂದ ಒಂದೆರಡು ಗಂಟೆ ಚೆನ್ನಾಗಿಯೇ ತಾಳುತ್ತದೆ. ಬಿಸಿಬೇಳೆಬಾತೂ ತಾಳುತ್ತದೆ, ಆದರೆ ಅಕ್ಕಿ ಬೇಳೆ ಎರಡೂ ನೀರು ಹೀರುತ್ತಲೇ ಇರುವುದರಿಂದ ಗಟ್ಟಿಯಾಗುತ್ತದೆ. ಒಂದು ಸೌಟು ಬಿಸಿ ಸಾರು ಬೆರೆಸಿಕೊಂಡರೆ ಹದಕ್ಕೆ ಬರುತ್ತದೆ. ಸಾಂಬಾರು ಇಂಗಿದಷ್ಟೂ ಉಪ್ಪಾಗುತ್ತದೆ, ಅದನ್ನು ನೆನಪಿಟ್ಟುಕೊಂಡು ಬಡಿಸಿಕೊಳ್ಳಿ. ತರಕಾರಿ ಕೂರ್ಮ, ದಾಲ್, ಪನೀರಿನ ಗ್ರೇವಿ ತರಹದ ರಸವಿರುವ ಪದಾರ್ಥಗಳಿಗೆ ಕಾಯುವ ಶಕ್ತಿ ಹೆಚ್ಚು. ರೊಟ್ಟಿ, ಚಪಾತಿಗೆ ಇಲ್ಲವೇ ಇಲ್ಲ.

ದೋಸೆಗೆ ಕಾವಲಿಯಿಟ್ಟ ಲೈವ್ ಕೌಂಟರ್ ಇದ್ದರೆ ಸಾಲು ಎಷ್ಟೇ ಇರಲಿ, ನಿಲ್ಲಿ. ಮುಳಬಾಗಿಲಿನ ದೋಸೆಯನ್ನು ಅಲ್ಲಿ ನಿರೀಕ್ಷಿಸಬಾರದು, ಆದರೆ ಕಣ್ಣೆದುರು ಹುಯ್ದು ಕೊಡುವ ಪದಾರ್ಥದಷ್ಟು ತಾಜಾ ಇನ್ನೊಂದಿಲ್ಲ, ಅಷ್ಟು ಸುರಕ್ಷಿತವೂ ಇಲ್ಲ. ಜೊತೆಗಿನ ಕಾಯಿಚಟ್ನಿಯ ಬಟ್ಟಲು ಮಂಜುಗಡ್ಡೆಯ ಮೇಲಿದೆಯೇ ನೋಡಿ. ಹಸಿ ಕಾಯಿ ರುಬ್ಬಿದ್ದು ಹೊರಗಿಟ್ಟರೆ ಮೂರ್ನಾಲ್ಕು ಗಂಟೆಯಲ್ಲಿ ಹುಳಿಯತೊಡಗುತ್ತದೆ. ನಾಲಿಗೆ ತುದಿಗೆ ಇಟ್ಟು ಒಂಚೂರು ಹುಳಿ ಅನ್ನಿಸಿದರೂ ಬಿಟ್ಟುಬಿಡಿ.

ಅನ್ನದ ವಿಷಯದಲ್ಲಿ ಇನ್ನೂ ಬಿಗಿ ಇರಬೇಕು. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಅನ್ನ ಬೇಯುವಾಗ ಸಾಯುವುದಿಲ್ಲ. ಅನ್ನ ಉಗುರುಬೆಚ್ಚಗೆ ಕೂತರೆ ಅವು ಮೊಳೆತು ವಿಷ ಬಿಡುತ್ತವೆ, ಆ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ವಾಂತಿ ಶುರುವಾಗುವುದು ತಿಂದ ಒಂದರಿಂದ ಆರು ಗಂಟೆಯೊಳಗೆ, ಅಂದರೆ ಸರಿಯಾಗಿ ವಿಮಾನದಲ್ಲಿ. ಹಬೆಯಾಡುವ ಅನ್ನ ಸರಿ. ತಣ್ಣಗಿನ ಪೆಟ್ಟಿಗೆಯಲ್ಲಿಟ್ಟ ಮೊಸರನ್ನ ಸರಿ, ರಾತ್ರಿ ಪ್ರಯಾಣಕ್ಕೆ ಅದಕ್ಕಿಂತ ಒಳ್ಳೆಯದು ನನಗೆ ತೋಚುವುದಿಲ್ಲ. ಬೆಚ್ಚಗೆ ಕೂತ ಫ್ರೈಡ್ ರೈಸ್, ಪುಲಾವ್ ಬೇಡ. ಮಂಜುಗಡ್ಡೆ ಕಾಣದ ಮೇಯನೀಸ್ ಸ್ಯಾಂಡ್‌ವಿಚ್, ಕ್ರೀಮ್ ತುಂಬಿದ ಪೇಸ್ಟ್ರಿಗೂ ಇದೇ ಮಾತು.

ಕಾಳು ಬೇಡ ಅನ್ನುವುದಕ್ಕೆ ಕಾರಣ

ವಿಮಾನ 35,000 ಅಡಿ ಮೇಲಿದ್ದಾಗ ಒಳಗಿನ ಗಾಳಿಯ ಒತ್ತಡವನ್ನು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಟ್ಟಿರುತ್ತಾರೆ. ಬೋಯಿಂಗ್ 787, ಏರ್‌ಬಸ್ ಎ350 ವಿಮಾನಗಳಲ್ಲಿ 6,000, ಹಳೆಯವುಗಳಲ್ಲಿ 8,000ದ ಹತ್ತಿರ. 8,000 ಅಡಿಯಲ್ಲಿ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲಿನಷ್ಟೇ. ಒತ್ತಡ ಇಳಿದಷ್ಟೂ ಮುಚ್ಚಿದ ಜಾಗದ ಗಾಳಿ ಹಿಗ್ಗುತ್ತದೆ. ಸಮುದ್ರಮಟ್ಟದಿಂದ ಏರಿದವರ ಹೊಟ್ಟೆಯೊಳಗಿನ ಗಾಳಿ ಸುಮಾರು ಮೂರನೇ ಒಂದು ಪಾಲು ಹೆಚ್ಚು ಜಾಗ ಕೇಳುತ್ತದೆ. ದೇವನಹಳ್ಳಿಯ ನಿಲ್ದಾಣವೇ 915 ಮೀಟರ್ ಎತ್ತರದಲ್ಲಿರುವುದರಿಂದ ನಮಗೆ ಅದು ಸ್ವಲ್ಪ ಕಡಿಮೆ, ಆದರೂ ಪ್ಯಾಂಟಿನ ಗುಂಡಿ ಸಡಿಲಿಸಬೇಕಾಗುವಷ್ಟು ಇದ್ದೇ ಇದೆ.

ಅವರೆಕಾಳಿನ ಸೀಸನ್ನಿನಲ್ಲಿ, ಹೊರಡುವ ದಿನ ಸಂಜೆ, ಪ್ರೀತಿಯಿಂದ ಹಿತಕಿದಬೇಳೆ ಸಾರು ಮಾಡಿ ಬಡಿಸುವುದು ನಮ್ಮ ಕಡೆಯ ಪದ್ಧತಿ. ಹುರುಳಿ ಬಸ್ಸಾರು, ಮುದ್ದೆ ಆದರೂ ಅಷ್ಟೇ. ಕಾಳುಗಳಲ್ಲಿರುವ ಒಂದು ಬಗೆಯ ಸಕ್ಕರೆ ನಮ್ಮ ಸಣ್ಣ ಕರುಳಿನಲ್ಲಿ ಜೀರ್ಣವಾಗುವುದಿಲ್ಲ. ಅದು ದೊಡ್ಡ ಕರುಳಿಗೆ ಇಳಿದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾ ತಿಂದು ಗಾಳಿ ಮಾಡುತ್ತವೆ. ಇದಕ್ಕೆ ತಿಂದ ಮೇಲೆ ನಾಲ್ಕಾರು ಗಂಟೆ ಹಿಡಿಯುತ್ತದೆ. 9 ಗಂಟೆಗೆ ಉಂಡ ಅವರೆಕಾಳು 3ಕ್ಕೆ ಗಾಳಿಯಾಗುತ್ತದೆ, ಅದೇ ಹೊತ್ತಿಗೆ ವಿಮಾನವೂ ಮೇಲೇರುತ್ತದೆ. ಆ ಸಾರನ್ನು ವಾಪಸ್ ಬಂದ ದಿನಕ್ಕೆ ಇಟ್ಟುಕೊಳ್ಳುವುದು ಎಲ್ಲರಿಗೂ ಒಳ್ಳೆಯದು. ಲೌಂಜಿನಲ್ಲಿ ಇದೇ ಲೆಕ್ಕದ ಮೇಲೆ ಕಡಲೆ ಉಸಲಿ, ರಾಜ್ಮಾ, ಎಲೆಕೋಸಿನ ಪಲ್ಯ, ಸೋಡಾ, ಕೋಲಾ ಬಿಡಿ. ಗಲ್ಫಿನ ಲೌಂಜುಗಳ ಹಮ್ಮಸ್ ಕೂಡ ರುಬ್ಬಿದ ಕಡಲೆಕಾಳೇ. ಎರಡು ಚಮಚ ಸಾಕು.

ರುಚಿಯ ವಿಷಯಕ್ಕೂ ಈ ಎತ್ತರ ಬರುತ್ತದೆ. 2010ರಲ್ಲಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಲುಫ್ತಾನ್ಸಾಗಾಗಿ, ಒತ್ತಡ ಇಳಿಸಿದ ವಿಮಾನದ ಮಾದರಿಯೊಳಗೆ ಜನರನ್ನು ಕೂರಿಸಿ ತಿನ್ನಿಸಿ ನೋಡಿತು. ಉಪ್ಪಿನ ರುಚಿ ಶೇ 20ರಿಂದ 30ರಷ್ಟು, ಸಿಹಿ ಶೇ 15ರಿಂದ 20ರಷ್ಟು ಮಂಕಾಯಿತು. ಒಳಗಿನ ಗಾಳಿಯ ತೇವ ಶೇ 10ರಿಂದ 20 ಮಾತ್ರ ಇರುವುದರಿಂದ ಮೂಗು ಒಣಗಿ ವಾಸನೆಯೂ ಕಮ್ಮಿ ತಿಳಿಯುತ್ತದೆ. ಮಂಕಾಗದೆ ಉಳಿಯುವುದು ಉಮಾಮಿ ಎನ್ನುವ ರುಚಿ: ಟೊಮೆಟೊ, ಅಣಬೆ, ಹಳೆಯ ಚೀಸು ಇವುಗಳಲ್ಲಿರುವುದು. ವಿಮಾನದಲ್ಲಿ ಟೊಮೆಟೊ ಜ್ಯೂಸ್ ಕೇಳುವವರು ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ ಅನ್ನುತ್ತಾರೆ. ಕೋಲಾರದ ಮಾರುಕಟ್ಟೆಯಿಂದ ದಿನವೂ ಲಾರಿಗಟ್ಟಲೆ ಟೊಮೆಟೊ ಸಾಗಿಸುವ ನಾವು, ಅದರ ಜ್ಯೂಸನ್ನು ಮೆಣಸಿನಪುಡಿ ಉದುರಿಸಿ ವಿಮಾನದಲ್ಲಿ ಕುಡಿದು ನೋಡಲೇಬೇಕು. ಹದವಾದ ಸಪ್ಪೆ ಊಟ, ಮೊಸರು, ಹಣ್ಣು, ಒಳ್ಳೆಯ ಸಿಹಿತಿಂಡಿ ಇವನ್ನೆಲ್ಲ ನೆಲದ ಮೇಲೇ ತಿನ್ನಿ, ಅವುಗಳ ನಿಜವಾದ ರುಚಿ ಸಿಗುವುದು ಇಲ್ಲೇ. ಮೇಲೆ ಏನಾದರೂ ತಿನ್ನಲೇಬೇಕೆಂದರೆ ಟೊಮೆಟೊ, ಮಸಾಲೆ ಮುಂದಿರುವುದನ್ನು ಆರಿಸಿ.

ಕಾಫಿ, ಟೀ, ಮತ್ತೊಂದು

ಟೀ ಕುಡಿಯುವವರಿಗೆ ಒಂದು ಮಾತು: ಲೌಂಜಿನಲ್ಲೇ ಕುಡಿದುಬಿಡಿ. ಎತ್ತರ ಸುಮಾರು 300 ಮೀಟರ್ ಏರಿದಂತೆ ನೀರು ಕುದಿಯುವ ಬಿಸಿ ಒಂದೊಂದು ಡಿಗ್ರಿ ಇಳಿಯುತ್ತದೆ. ದೇವನಹಳ್ಳಿಯಲ್ಲಿ ನೀರು ಕುದಿಯುವುದು 97 ಡಿಗ್ರಿಗೆ, ವಿಮಾನದೊಳಗೆ 92ರಿಂದ 94ಕ್ಕೆ. ಕಪ್ಪು ಟೀ ಎಲೆ ಪೂರಾ ಬಿಡಿಸಿಕೊಳ್ಳಲು ಆ ಬಿಸಿ ಸಾಲದು.

ಕಾಫಿಯಲ್ಲಿ ಎರಡು ಬಗೆ. ಗುಂಡಿ ಒತ್ತುವ ಯಂತ್ರದಲ್ಲಿ 'ಫಿಲ್ಟರ್ ಕಾಫಿ' ಎಂದು ಬರೆದಿದ್ದರೂ ಅದು ಬೀಜ ಪುಡಿಮಾಡಿ ಒತ್ತಡದಲ್ಲಿ ಇಳಿಸುವ ಎಸ್ಪ್ರೆಸ್ಸೊ, ಚಿಕೋರಿ ಇರುವುದಿಲ್ಲ. ಕ್ಯಾಪುಚಿನೊ ಗುಂಡಿ ಒತ್ತಿದರೆ ಅರ್ಧ ಲೋಟ ನೊರೆ. ನಮ್ಮ ಕಾಫಿಗೆ ಹತ್ತಿರ ಬರಬೇಕೆಂದರೆ ಡಬಲ್ ಎಸ್ಪ್ರೆಸ್ಸೊ, ಅಂದರೆ ಸುಮಾರು 60 ಮಿಲಿ, ಒಂದು ಲೋಟಕ್ಕೆ ಹಿಡಿದು, ಬೇರೆಯಾಗಿ ಬಿಸಿಹಾಲಿನ ಗುಂಡಿ ಒತ್ತಿ 100 ಮಿಲಿ ಹಾಕಿ, ಎರಡು ಲೋಟದಲ್ಲಿ ಒಂದೆರಡು ಸಲ ಎತ್ತಿ ಹುಯ್ಯಿರಿ. ಡಿಕಾಕ್ಷನ್ ಇಳಿಸಿ ಕೊಡುವ ಕೌಂಟರ್ ಇದ್ದರೆ ಡಿಕಾಕ್ಷನ್ ಯಾವಾಗಿನದು ಕೇಳಿ. ಬಿಸಿಯಾಗಿಯೇ ಇಟ್ಟ ಡಿಕಾಕ್ಷನ್ ಒಂದು ಗಂಟೆಯಲ್ಲಿ ಘಮ ಕಳೆದುಕೊಂಡು ಬರೀ ಕಹಿಯಾಗುತ್ತದೆ.

ಆದರೆ ರಾತ್ರಿ ವಿಮಾನಕ್ಕೆ ಯಾವ ಕಾಫಿಯೂ ಬೇಡ. ಕುಡಿದ ಕೆಫೀನಿನ ಅರ್ಧ ಭಾಗ ಐದು ಗಂಟೆಯ ಮೇಲೂ ರಕ್ತದಲ್ಲಿರುತ್ತದೆ. 1 ಗಂಟೆಯ ಕಾಫಿ ಬೆಳಗ್ಗೆ 6ರ ತನಕ ನಿದ್ದೆಗೆ ಅಡ್ಡ. ಬದಲಿಗೆ ಮಜ್ಜಿಗೆ, ಬಿಸಿ ಹಾಲು, ಶುಂಠಿ ಕಷಾಯ ಯಾವುದಾದರೂ ಸರಿ. ನೀರು ಗಂಟೆಗೊಂದು ಲೋಟ, 250 ಮಿಲಿ, ಒಮ್ಮೆಲೇ ಒಂದು ಲೀಟರ್ ಕುಡಿದರೆ ನಿದ್ದೆಯ ನಡುವೆ ಏಳಬೇಕಾಗುತ್ತದೆ.

ಮದ್ಯ ಲೌಂಜಿನಲ್ಲಿ ಪುಕ್ಕಟೆ ಅನ್ನುವ ಕಾರಣಕ್ಕೇ ಹೆಚ್ಚಾಗುತ್ತದೆ. ಜರ್ಮನಿಯಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಆರೋಗ್ಯವಂತ ಯುವಕರನ್ನು 8,000 ಅಡಿಯ ಒತ್ತಡದ ಕೋಣೆಯಲ್ಲಿ ಮಲಗಿಸಿ ನೋಡಿದರು. ಮದ್ಯವಿಲ್ಲದೆ ಮಲಗಿದಾಗ ರಕ್ತದ ಆಮ್ಲಜನಕ ಸುಮಾರು ಶೇ 88 ಇತ್ತು, ಎರಡು ಗ್ಲಾಸ್ ವೈನಿನಷ್ಟು ಕುಡಿದು ಮಲಗಿದಾಗ ಶೇ 85ಕ್ಕೆ ಇಳಿಯಿತು, ಎದೆಬಡಿತ ಏರಿತು. ಹೃದಯ, ಶ್ವಾಸಕೋಶದ ತೊಂದರೆ ಇರುವ ಹಿರಿಯರು ಜೊತೆಗಿದ್ದರೆ ಇದನ್ನು ಗಟ್ಟಿಯಾಗಿಯೇ ಹೇಳಬೇಕು. ಕುಡಿಯುವವರು ಒಂದು ಗ್ಲಾಸಿಗೆ ನಿಲ್ಲಿಸಲಿ, ಅದನ್ನೂ ಊಟದ ಜೊತೆಗೆ ನೆಲದ ಮೇಲೇ ಮುಗಿಸಲಿ. ಒಗರು ಹೆಚ್ಚಿರುವ ಕೆಂಪು ವೈನ್ ವಿಮಾನದಲ್ಲಿ ಇನ್ನೂ ಒಗರಾಗುತ್ತದೆ, ಹಣ್ಣಿನ ರುಚಿ ಅಡಗುತ್ತದೆ. ನಂದಿ ಬೆಟ್ಟದ ತಪ್ಪಲಿನ ವೈನ್ ಲೌಂಜಿನ ಕಪಾಟಿನಲ್ಲಿ ಕಂಡರೆ ಅದರ ರುಚಿ ತಿಳಿಯುವುದಕ್ಕೂ ಇದೇ ಜಾಗ.

ಹೊರದೇಶದ ಲೌಂಜುಗಳಲ್ಲಿ ಸಸ್ಯಾಹಾರ

ವಿಮಾನದ ಊಟಕ್ಕೆ ಏಷ್ಯನ್ ವೆಜ್ ಬೇಕೆಂದರೆ ಎವಿಎಂಎಲ್, ಜೈನ ಊಟಕ್ಕೆ ವಿಜೆಎಂಎಲ್ ಎಂದು 24 ಗಂಟೆ ಮುಂಚೆ ಹೇಳಿಡುವ ಏರ್ಪಾಡಿದೆ. ಲೌಂಜಿನಲ್ಲಿ ಅಂಥದ್ದಿಲ್ಲ, ಓದಿ, ಕೇಳಿ ತಿನ್ನಬೇಕು. ತರಕಾರಿಯೇ ಕಂಡರೂ ರಸ ಯಾವುದರದ್ದು ಅನ್ನುವುದು ಪ್ರಶ್ನೆ.

ದೋಹಾದ ಹಮದ್ ನಿಲ್ದಾಣದ ಅಲ್ ಮೌರ್ಜಾನ್, ದುಬೈ ಮೂರನೇ ಟರ್ಮಿನಲ್ಲಿನ ಎಮಿರೇಟ್ಸ್ ಲೌಂಜುಗಳಲ್ಲಿ ನಮಗೆ ಹೆಚ್ಚು ಸಲೀಸು. ಮೆಜ್ಜೆ ಅನ್ನುವ ತಣ್ಣಗಿನ ತಿನಿಸುಗಳ ಸಾಲಿನಲ್ಲಿ ಬಹುಪಾಲು ಸಸ್ಯಾಹಾರವೇ. ಸುಟ್ಟ ಬದನೆಕಾಯಿಗೆ ಎಳ್ಳು ಅರೆದು ಹಾಕಿದ ಮುತಬ್ಬಲ್ ನಮ್ಮ ಬದನೆಕಾಯಿ ಗೊಜ್ಜಿನ ಹತ್ತಿರದ ನೆಂಟ. ನೀರು ಬಸಿದ ಮೊಸರಿನ ಲಬ್ನೆ, ಪಾರ್ಸ್ಲಿ ಸೊಪ್ಪಿನ ತಬೂಲೆ ಎರಡೂ ಹೊಟ್ಟೆಗೆ ಹಗುರ. ಬೇಳೆಯ ಸೂಪಿಗೆ ಮಾಂಸದ ರಸ ಹಾಕಿದ್ದಾರೆಯೇ ಎಂದು ಮಾತ್ರ ಕೇಳಿ.

ಸಿಂಗಪುರದ ಸಿಲ್ವರ್‌ಕ್ರಿಸ್ ಲೌಂಜಿನ ಲಕ್ಸ ಬಹಳ ಹೆಸರುವಾಸಿ, ಆದರೆ ಅದರ ಮಸಾಲೆಗೆ ಒಣಸಿಗಡಿ ಅರೆದಿರುತ್ತಾರೆ. ಮೇಲೆ ತೇಲುವ ಸಿಗಡಿ ತೆಗೆದಿಟ್ಟರೆ ಸಸ್ಯಾಹಾರವಾಗುವುದಿಲ್ಲ. ಥಾಯ್ ಕರಿಗಳಿಗೆ ಮೀನಿನ ಸಾಸ್ ಇದ್ದೇ ಇರುತ್ತದೆ. ಜಪಾನಿನ ಉಡಾನ್, ಮಿಸೋ ಸೂಪುಗಳ ತಳದ ರಸ ಒಣಮೀನಿನದು. ಜಪಾನ್ ಏರ್‌ಲೈನ್ಸ್ ಲೌಂಜಿನ ಪ್ರಸಿದ್ಧ ಕರಿ ದನದ ಮಾಂಸದ್ದು, ನಮ್ಮ ಮಾಂಸಾಹಾರಿಗಳಲ್ಲೂ ಅನೇಕರು ತಿನ್ನದ್ದರಿಂದ ಮುಂಚೆಯೇ ತಿಳಿದಿರಲಿ. ಅಲ್ಲಿ ಅನ್ನ, ಸಲಾಡ್, ಹಣ್ಣು, ಬ್ರೆಡ್ಡಿಗೆ ಸರಿಹೋಗಬೇಕು. ಫ್ರಾಂಕ್‌ಫರ್ಟಿನಲ್ಲಿ ಬ್ರೆಟ್ಸೆಲ್, ಬೆಣ್ಣೆ, ಚೀಸು ಸಿಗುತ್ತದೆ, ಬ್ರೆಟ್ಸೆಲ್ ಬಿಸಿಯಿದ್ದಾಗ ಬಹಳ ಚೆನ್ನ. ಆಲೂಗಡ್ಡೆ ಸಲಾಡಿಗೆ ದಕ್ಷಿಣ ಜರ್ಮನಿಯ ಪದ್ಧತಿಯಲ್ಲಿ ಮಾಂಸದ ರಸ ಹಾಕುತ್ತಾರೆ, ಮೂಸ್, ಜೆಲ್ಲಿಗಳಲ್ಲಿ ಜೆಲಟಿನ್ ಇರುತ್ತದೆ.

ಈ ಕಷ್ಟಕ್ಕೆ ಮನೆಯ ಬುತ್ತಿ ಒಯ್ಯುವವರು ಚಪಾತಿ, ಚಟ್ನಿಪುಡಿ, ನಿಪ್ಪಟ್ಟು, ಚಿಂತಾಮಣಿ ಕಡೆಯ ಹುರಿದ ಕಡಲೆಕಾಯಿ ಬೀಜ ಒಯ್ಯಬಹುದು. ತಿಪಟೂರಿನ ಕೊಬ್ಬರಿ ಮಾತ್ರ ಬೇಡ. ಕೊಬ್ಬರಿಯ ಎಣ್ಣೆಯಂಶದಿಂದ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಅಪಾಯಕಾರಿ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದಕ್ಕೆ 1363 ಎಂಬ ಸಂಖ್ಯೆಯೇ ಇದೆ. ಕೈಚೀಲದಲ್ಲಾಗಲಿ ಸೂಟ್‌ಕೇಸಿನಲ್ಲಾಗಲಿ ಬಿಡುವುದಿಲ್ಲ. ಪರದೇಶದ ಮಕ್ಕಳಿಗೆಂದು ತಂದ ಕೊಬ್ಬರಿ ಸ್ಕ್ಯಾನರಿನ ಹತ್ತಿರ ಉಳಿಯುವುದು ಬಹಳ ನೋವಿನ ಸಂಗತಿ.

ಸ್ನಾನ, ಕುರ್ಚಿ, ಗೇಟು

ಬದಲಿ ವಿಮಾನಕ್ಕೆ ಕಾಯುವ ನಿಲ್ದಾಣದಲ್ಲಿ ಲೌಂಜಿನ ಒಳಗೆ ಕಾಲಿಟ್ಟ ಕೂಡಲೇ ಮಾಡಬೇಕಾದ ಕೆಲಸ ಸ್ನಾನಕ್ಕೆ ಹೆಸರು ಬರೆಸುವುದು, ತಿಂಡಿ ಆಮೇಲೆ. ಬೆಳಗ್ಗೆ 5ರಿಂದ 8ರ ನಡುವೆ ಒಟ್ಟಿಗೆ ಹತ್ತಾರು ವಿಮಾನ ಇಳಿಯುವುದರಿಂದ ಸರದಿ ಉದ್ದವಿರುತ್ತದೆ. ಒಬ್ಬರಿಗೆ ಕೊಡುವುದು 20-30 ನಿಮಿಷ. ಟವೆಲ್ಲು, ಸೋಪು, ಶಾಂಪೂ ಇರುತ್ತದೆ. ಬಾಚಣಿಗೆ, ಒಳ ಉಡುಪು, ಕೊಬ್ಬರಿ ಎಣ್ಣೆಯ 100 ಮಿಲಿ ಒಳಗಿನ ಶೀಶೆ, ಒದ್ದೆಬಟ್ಟೆಗೆ ಒಂದು ಪ್ಲಾಸ್ಟಿಕ್ ಚೀಲ ಕೈಚೀಲದಲ್ಲೇ ಇರಲಿ. ಸೂಟ್‌ಕೇಸ್ ಮಧ್ಯೆ ಕೈಗೆ ಸಿಗುವುದಿಲ್ಲ.

ಕುರ್ಚಿ ಆರಿಸುವಾಗ ಕಾಫಿ ಯಂತ್ರ, ತಟ್ಟೆ ಎತ್ತಿಡುವ ಜಾಗ, ಟಿವಿ, ಬಾಗಿಲು ಈ ನಾಲ್ಕರಿಂದ ದೂರ ಹೋಗಿ. ಗೋಡೆಗೆ ಬೆನ್ನು ಕೊಟ್ಟ, ಪಕ್ಕದಲ್ಲಿ ಪ್ಲಗ್ ಇರುವ ಕುರ್ಚಿ ಒಳ್ಳೆಯದು. ಕಾಲು ಮೇಲಿಡುವ ಸ್ಟೂಲ್ ಸಿಕ್ಕರೆ ಹಿರಿಯರಿಗೆ ಮೊದಲು ಕೊಡಿ, ಪಾದ ಊದುವುದು ಕಡಿಮೆಯಾಗುತ್ತದೆ. ಎಸಿ ಚಳಿಗೆ ಒಂದು ಶಾಲು. ದುಬೈ, ದೋಹಾ, ಸಿಂಗಪುರ, ಹಾಂಗ್‌ಕಾಂಗ್, ಲಂಡನ್ನಿನ ಸಾಕೆಟ್ಟುಗಳು ಚೌಕ ಪಿನ್ನಿನವು, ನಮ್ಮ ದುಂಡು ಪಿನ್ನು ಕೂರುವುದಿಲ್ಲ. ಜರ್ಮನಿಯಲ್ಲಿ ನಮ್ಮ ಫೋನ್ ಚಾರ್ಜರಿನ ಎರಡು ಪಿನ್ನು ಕೂರುತ್ತದೆ. ಜಪಾನಿನಲ್ಲಿ ಚಪ್ಪಟೆ ಪಿನ್ನು, 100 ವೋಲ್ಟ್.

ಅಲಾರಂ ಇಡದೆ ಕಣ್ಣು ಮುಚ್ಚಬೇಡಿ. ಬೆಂಗಳೂರು ಸೇರಿದಂತೆ ಅನೇಕ ನಿಲ್ದಾಣಗಳಲ್ಲಿ ವಿಮಾನದ ಹೆಸರು ಕೂಗುವ ಪದ್ಧತಿಯನ್ನೇ ಬಿಟ್ಟಿದ್ದಾರೆ, ಬೋರ್ಡು ನೋಡಿಕೊಳ್ಳುವುದು ನಿಮ್ಮ ಹೊಣೆ. ಗೇಟಿಗೆ ನಡೆಯಲು ಬೆಂಗಳೂರಿನಲ್ಲಿ 15 ನಿಮಿಷ ಇಟ್ಟುಕೊಳ್ಳಿ, ದುಬೈಯಲ್ಲಿ ಒಂದು ಕಾನ್‌ಕೋರ್ಸಿನಿಂದ, ಅಂದರೆ ಗೇಟುಗಳಿರುವ ಕಟ್ಟಡದಿಂದ, ಇನ್ನೊಂದಕ್ಕಾದರೆ 25-30. ಸಿಂಗಪುರದಲ್ಲಿ ಸೆಕ್ಯೂರಿಟಿ ತಪಾಸಣೆ ಗೇಟಿನ ಹತ್ತಿರವೇ ನಡೆಯುವುದರಿಂದ ಲೌಂಜಿನಲ್ಲಿ ತುಂಬಿಸಿಕೊಂಡ ನೀರಿನ ಬಾಟಲಿ ಅಲ್ಲಿ ಚೆಲ್ಲಬೇಕಾಗುತ್ತದೆ, ಇನ್ನೂ ಹದಿನೈದು ನಿಮಿಷ ಮುಂಚೆ ಹೊರಡಿ.

ಲೌಂಜು ಬಿಡುವ ಮುಂಚೆ ಹಲ್ಲುಜ್ಜಿ, ಮುಖ ತೊಳೆದು, ಸಡಿಲ ಬಟ್ಟೆ ಹಾಕಿಕೊಳ್ಳಿ. ವಿಮಾನದ ಪುಟ್ಟ ಬಚ್ಚಲಿನಲ್ಲಿ ಅದೇ ಕೆಲಸಕ್ಕೆ ಕಾಲು ಗಂಟೆಯ ಸರದಿ. ಸೀಟಿನಲ್ಲಿ ಕೂತ ಮೇಲೆ ಸಿಬ್ಬಂದಿಗೆ ಹೇಳಬೇಕಾದ್ದು ಇಷ್ಟೇ: ಊಟ ಬೇಡ, ಇಳಿಯುವ ಮುಕ್ಕಾಲು ಗಂಟೆ ಮುಂಚೆ ಕಾಫಿಗೆ ಎಬ್ಬಿಸಿ. ಬೆಲ್ಟನ್ನು ಹೊದಿಕೆಯ ಮೇಲೆ, ಕಣ್ಣಿಗೆ ಕಾಣುವಂತೆ ಕಟ್ಟಿಕೊಳ್ಳಿ. ಒಳಗೆ ಕಟ್ಟಿಕೊಂಡರೆ ವಿಮಾನ ಅಲುಗಿದಾಗಲೆಲ್ಲ ಬೆಲ್ಟು ಹಾಕಿದ್ದೀರಾ ಎಂದು ನೋಡಲು ಅವರು ನಿಮ್ಮನ್ನು ಎಬ್ಬಿಸಲೇಬೇಕಾಗುತ್ತದೆ.